ವಾದ್ಯಗಳ ಒಂಟಿ ಸ್ವರದ ರೆಕಾರ್ಡಿಂಗ್ ಎಲ್ಲಿ ಸಿಗುತ್ತದೆ, ಸ್ಪೆಕ್ಟ್ರಮ್ ಹೋಲಿಸುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯದ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಹೊತ್ತು ಬಂತೆಂದರೆ ವಾದ್ಯಗಳ ನಾದದ ಬಗ್ಗೆ ಪ್ರಶ್ನೆಗಳು ಶುರುವಾಗುತ್ತವೆ. ಭೌತಶಾಸ್ತ್ರದ ಹುಡುಗರು ಕೇಳುತ್ತಾರೆ, ವಿದ್ವತ್ ಪರೀಕ್ಷೆಗೆ ಓದುತ್ತಿರುವವರು ಕೇಳುತ್ತಾರೆ, ವಿಜ್ಞಾನ ಮೇಳಕ್ಕೆ ಮಕ್ಕಳ ಕೈಲಿ ಏನಾದರೂ ಮಾಡಿಸಬೇಕು ಅನ್ನುವ ಅಪ್ಪ ಅಮ್ಮಂದಿರೂ ಕೇಳುತ್ತಾರೆ. ಮತ್ತೆ ಮತ್ತೆ ಬಂದವನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

## ಮೊದಲು ತಿಳಿಯಬೇಕಾದದ್ದು

ವೀಣೆ, ಕೊಳಲು ಎರಡರಲ್ಲೂ ಅದೇ ಸ ನುಡಿಸಿದರೂ ಬೇರೆ ಬೇರೆ ಕೇಳುತ್ತಲ್ಲ, ಸ್ಪೆಕ್ಟ್ರಮ್‌ನಲ್ಲಿ ಅದು ಹೇಗೆ ಕಾಣುತ್ತೆ?

ಒಂದು ಸ್ವರ ನುಡಿಸಿದಾಗ ಒಂದೇ ಕಂಪನ ಬರುವುದಿಲ್ಲ. 200 ಹರ್ಟ್ಸ್, ಅಂದರೆ ಸೆಕೆಂಡಿಗೆ 200 ಸಲ ಅಲುಗುವ ಸ್ವರದ ಜೊತೆಗೆ 400, 600, 800 ಹೀಗೆ ಅದರ ಪಟ್ಟುಗಳೂ ಬರುತ್ತವೆ. ಇವೇ ಹಾರ್ಮೋನಿಕ್‌ಗಳು. ಯಾವ ಹಾರ್ಮೋನಿಕ್ ಎಷ್ಟು ಜೋರು ಅನ್ನುವುದು ವಾದ್ಯದಿಂದ ವಾದ್ಯಕ್ಕೆ ಬೇರೆ. ಸ್ಪೆಕ್ಟ್ರಮ್ ಅಂದರೆ ಈ ಲೆಕ್ಕದ ಚಿತ್ರ. ಅಡ್ಡಕ್ಕೆ ಫ್ರೀಕ್ವೆನ್ಸಿ, ಉದ್ದಕ್ಕೆ ಜೋರು, ಒಂದೊಂದು ಹಾರ್ಮೋನಿಕ್‌ಗೆ ಒಂದೊಂದು ಗೆರೆ. ಕೊಳಲಿನಲ್ಲಿ ಮೊದಲ ಕೆಲವು ಗೆರೆಗಳಾದ ಮೇಲೆ ಬೇಗ ಇಳಿದುಬಿಡುತ್ತದೆ. ವೀಣೆಯಲ್ಲಿ ಗೆರೆಗಳು ಮೇಲೆ ಮೇಲಕ್ಕೆ ಸಾಲಾಗಿ ಹೋಗುತ್ತಲೇ ಇರುತ್ತವೆ. ಕಿವಿಗೆ 'ತುಂಬು ನಾದ' ಅನ್ನಿಸುವುದರಲ್ಲಿ ಈ ಸಾಲಿನ ಪಾಲು ದೊಡ್ಡದು.

ಒಂಟಿ ಸ್ವರವೇ ಯಾಕೆ? ಕಚೇರಿ ರೆಕಾರ್ಡಿಂಗ್‌ನಿಂದ ಒಂದು ತುಂಡು ಕತ್ತರಿಸಿಕೊಂಡರೆ ಆಗಲ್ವಾ?

ಆಗುವುದಿಲ್ಲ. ಕಚೇರಿಯಲ್ಲಿ ತಂಬೂರಿ ಇರುತ್ತದೆ, ಮೃದಂಗ ಇರುತ್ತದೆ, ವಯೊಲಿನ್ ಹಿಂದೆಯೇ ಬರುತ್ತಿರುತ್ತದೆ. ತಂಬೂರಿಯೂ ಅದೇ ಶ್ರುತಿಯಲ್ಲಿ ಇರುವುದರಿಂದ ಅದರ ಗೆರೆಗಳು ನಿಮ್ಮ ವಾದ್ಯದ ಗೆರೆಗಳ ಮೇಲೇ ಕೂರುತ್ತವೆ. ಯಾವುದು ಯಾರದ್ದು ಅಂತ ಬಿಡಿಸಲು ಬರುವುದಿಲ್ಲ.

ಇನ್ನೊಂದು ತೊಡಕು ಗಮಕ. ನಮ್ಮ ಸಂಗೀತದಲ್ಲಿ ಸ್ವರ ನಿಂತ ಕಡೆ ನಿಲ್ಲುವುದು ಕಮ್ಮಿ. 440 ಹರ್ಟ್ಸ್ ಸ್ವರ ಶೇಕಡಾ 1ರಷ್ಟು ಅಲುಗಾಡಿದರೆ ಮೊದಲ ಗೆರೆ ಸುಮಾರು 4 ಹರ್ಟ್ಸ್ ಸರಿಯುತ್ತದೆ, ಹತ್ತನೇ ಹಾರ್ಮೋನಿಕ್ 44 ಹರ್ಟ್ಸ್ ಸರಿಯುತ್ತದೆ. ಮೇಲಿನ ಗೆರೆಗಳೆಲ್ಲ ಮಸುಕಾಗುತ್ತವೆ. ಹಾಗಾಗಿ ಗಮಕವಿಲ್ಲದ, ಅಲುಗದ, ಒಂದೇ ವಾದ್ಯದ ಒಂದೇ ಸ್ವರ ಬೇಕು.

ದುಡ್ಡು ಕೊಡದೆ ಎಲ್ಲಿ ಸಿಗುತ್ತೆ ಮೇಷ್ಟ್ರೇ?

ನಾನು ಮೊದಲು ಕಳಿಸುವುದು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಲೆಕ್ಟ್ರಾನಿಕ್ ಮ್ಯೂಸಿಕ್ ಸ್ಟುಡಿಯೋಸ್ ಸಂಗ್ರಹಕ್ಕೆ. 1997ರಿಂದ ಎಲ್ಲರಿಗೂ ಬಿಟ್ಟಿಯಾಗಿ ಸಿಗುತ್ತಿದೆ, ಯಾವ ಕೆಲಸಕ್ಕೆ ಬೇಕಾದರೂ ಬಳಸಬಹುದು. ಬಹುತೇಕ ವಾದ್ಯಗಳನ್ನು ಪ್ರತಿಧ್ವನಿಯೇ ಇಲ್ಲದ ಕೋಣೆಯಲ್ಲಿ ರೆಕಾರ್ಡ್ ಮಾಡಿದ್ದಾರೆ. ಆ ಕೋಣೆ ಇರುವುದು ಅಲ್ಲಿನ ವಾಕ್ ಮತ್ತು ಶ್ರವಣ ಕೇಂದ್ರದಲ್ಲಿ. ನಮ್ಮ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ನೋಡಿದವರಿಗೆ ಸಂಗೀತಕ್ಕೂ ಅದಕ್ಕೂ ಏನು ನಂಟು ಅಂತ ಬಿಡಿಸಿ ಹೇಳಬೇಕಿಲ್ಲ. ಕೋಣೆಯ ಗುಣ ಸೇರದೆ ವಾದ್ಯದ ನಾದ ಮಾತ್ರ ಸಿಗುವುದೇ ಇದರ ಹೆಚ್ಚುಗಾರಿಕೆ. ಮೆಲ್ಲಗೆ, ಮಧ್ಯಮ, ಜೋರು ಎಂದು ಮೂರು ಮಟ್ಟದಲ್ಲೂ ನುಡಿಸಿರುತ್ತಾರೆ. ವಯೊಲಿನ್ ಆದರೆ ಯಾವ ತಂತಿ ಅನ್ನುವುದೂ ಫೈಲ್ ಹೆಸರಲ್ಲಿರುತ್ತದೆ. ಹಳೆಯ ಫೈಲ್‌ಗಳಲ್ಲಿ ಸ್ವರಗಳು ಸಾಲಾಗಿ, ನಡುವೆ ಮೌನ ಬಿಟ್ಟು ಬರುತ್ತವೆ. ಬೇಕಾದದ್ದನ್ನು ನೀವೇ ಕತ್ತರಿಸಿಕೊಳ್ಳಬೇಕು.

ಲಂಡನ್ನಿನ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾದವರ ಸಂಗ್ರಹದಲ್ಲಿ ಒಂದೊಂದು ಸ್ವರಕ್ಕೆ ಒಂದೊಂದು ಫೈಲ್. ಹುಡುಕುವುದು ತುಂಬಾ ಸುಲಭ. ಆದರೆ ಎಂಪಿ3ಯಲ್ಲಿವೆ.

ಮೂರನೆಯದು ಫ್ರೀಸೌಂಡ್. ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯದ ಸಂಗೀತ ತಂತ್ರಜ್ಞಾನ ತಂಡ 2005ರಲ್ಲಿ ಶುರು ಮಾಡಿದ್ದು. ಖಾತೆ ತೆರೆದರೆ ಡೌನ್‌ಲೋಡ್ ಮಾಡಬಹುದು. ಇಲ್ಲಿ ಯಾರು ಬೇಕಾದರೂ ಹಾಕುತ್ತಾರೆ, ಆದ್ದರಿಂದ ಗುಣಮಟ್ಟ ಒಂದೇ ಸಮ ಇರುವುದಿಲ್ಲ. ವಿವರಣೆಯಲ್ಲಿ ಮೈಕ್, ಕೋಣೆ, ದೂರ ಬರೆದಿರುವ ಫೈಲ್‌ಗಳನ್ನೇ ಆರಿಸಿ. ಏನೂ ಬರೆಯದೆ ಸುಮ್ನೆ 'ಚಂದದ ಕೊಳಲು' ಅಂತ ಹಾಕಿದ್ದರೆ ಬಿಟ್ಟುಬಿಡಿ.

ಫೈಲ್ ಹೆಸರಲ್ಲಿ ಬಿ3, ಸಿ4 ಅಂತೆಲ್ಲ ಇದೆ. ನಮ್ಮ ಶ್ರುತಿಗೆ ಹೇಗೆ ಹೊಂದಿಸೋದು?

ಒಂದು ಮನೆ ಶ್ರುತಿ ಅಂದರೆ ಸಿ. ಎರಡು ಡಿ, ಮೂರು ಇ, ನಾಲ್ಕು ಎಫ್, ಐದು ಜಿ, ಆರು ಎ. ಒಂದೂವರೆ ಅಂದರೆ ಸಿ ಶಾರ್ಪ್. ಪಕ್ಕದ ಅಂಕಿ ಸ್ಥಾಯಿಯನ್ನು ಹೇಳುತ್ತದೆ. ಸಿ4 ಅಂದರೆ 261.6 ಹರ್ಟ್ಸ್, ಎ4 ಅಂದರೆ 440. ಕೆಲವು ತಂತ್ರಾಂಶಗಳು ಅದೇ 261.6ನ್ನು ಸಿ3 ಅನ್ನುತ್ತವೆ. ಕ್ಲಾರಿನೆಟ್, ಸ್ಯಾಕ್ಸೋಫೋನ್‌ಗಳಲ್ಲಿ ಬರೆದ ಸ್ವರವೇ ಬೇರೆ, ಕೇಳುವ ಸ್ವರವೇ ಬೇರೆ. ಹೆಸರನ್ನು ನಂಬಿ ಕೂರಬೇಡಿ. ಮೊದಲ ಗೆರೆ ಎಷ್ಟು ಹರ್ಟ್ಸ್‌ನಲ್ಲಿದೆ ಅಂತ ಅಳೆದು, ಅದನ್ನೇ ನಿಮ್ಮ ಪಟ್ಟಿಯಲ್ಲಿ ಬರೆದುಕೊಳ್ಳಿ.

ಯೂಟ್ಯೂಬ್‌ನಿಂದ ಇಳಿಸಿಕೊಂಡರೆ ಏನು ತೊಂದರೆ? ಎಂಪಿ3 ಸಾಕಾಗಲ್ವಾ?

ಎಂಪಿ3 ಮಾಡುವಾಗ ಕಿವಿಗೆ ಕೇಳಿಸದು ಅನ್ನಿಸಿದ್ದನ್ನೆಲ್ಲ ಯಂತ್ರ ಕಿತ್ತುಹಾಕುತ್ತದೆ. ಕಮ್ಮಿ ಬಿಟ್‌ರೇಟ್‌ನಲ್ಲಿ ಸುಮಾರು 16,000 ಹರ್ಟ್ಸ್ ಮೇಲೆ ಏನೂ ಉಳಿಯುವುದಿಲ್ಲ. ಮೊದಲ ಹತ್ತು ಹನ್ನೆರಡು ಹಾರ್ಮೋನಿಕ್‌ಗಳ ಎತ್ತರ ಹೋಲಿಸಲು ಒಳ್ಳೆಯ ಎಂಪಿ3 ನಡೆಯುತ್ತದೆ. ಗೆರೆಗಳ ನಡುವಿನ ಉಸಿರಿನ ಸದ್ದು, ಕಮಾನಿನ ಕರಕರ ನೋಡಬೇಕಾದರೆ ನಡೆಯುವುದಿಲ್ಲ, ಮೊದಲು ಹೋಗುವುದೇ ಅದು. ವಿಡಿಯೊಗಳಲ್ಲಿ ಇದರ ಮೇಲೆ ಎಕೋ ಬೇರೆ ಹಾಕಿರುತ್ತಾರೆ. ಎಂಪಿ3ಯನ್ನು ಏನೂ ಕಿತ್ತುಹಾಕದೆ ಉಳಿಸುವ ವೇವ್ ಫೈಲ್‌ಗೆ ಬದಲಿಸಿದರೆ ಹೋದದ್ದು ವಾಪಸ್ ಬರುವುದಿಲ್ಲ.

## ನಮ್ಮ ಕಡೆಯ ವಾದ್ಯಗಳು

ವೀಣೆ, ನಾಗಸ್ವರ, ಕಂಸಾಳೆ ಹುಡುಕಿದರೆ ಒಂಟಿ ಸ್ವರ ಸಿಗ್ತಾನೇ ಇಲ್ಲ. ಏನು ಮಾಡೋದು?

ಈ ಕೊರತೆ ನಿಜ, ನನಗೂ ಇದರ ಬಗ್ಗೆ ಬೇಸರ ಇದೆ. ಪಿಟೀಲು ಚೌಡಯ್ಯನವರು, ವೀಣೆ ಶೇಷಣ್ಣನವರು ಬಾಳಿದ ಊರಿನ ಸುತ್ತಮುತ್ತ ಕೂತು ಓಬೋ ಬೇಕೆಂದರೆ ಒಂದು ನಿಮಿಷದಲ್ಲಿ ಸಿಗುತ್ತದೆ, ಮೈಸೂರು ವೀಣೆಯ ಸಾರಣಿ (ಮೊದಲ) ತಂತಿಯ ಒಂದು ಶುದ್ಧ ಮೀಟು ಬೇಕೆಂದರೆ ಪರದಾಡಬೇಕು.

ಮೃದಂಗ ಒಂದಕ್ಕೆ ಒಳ್ಳೆಯ ಸಂಗ್ರಹ ಇದೆ. ಸಂಗೀತವನ್ನು ಕಂಪ್ಯೂಟರಿನಿಂದ ಅಧ್ಯಯನ ಮಾಡುವ ಕಾಂಪ್‌ಮ್ಯೂಸಿಕ್ ಯೋಜನೆಯಲ್ಲಿ ಬಂದ 'ಮೃದಂಗಂ ಸ್ಟ್ರೋಕ್' ದತ್ತಾಂಶದಲ್ಲಿ 7162 ಬಿಡಿ ಏಟುಗಳಿವೆ. 10 ಬಗೆಯ ಏಟು, 6 ಶ್ರುತಿ. ಅದೇ ಬಳಗದ ಸರಾಗ ಸಂಗ್ರಹದಲ್ಲಿ ಕರ್ನಾಟಕ ಸಂಗೀತ ಕಚೇರಿಗಳ ಬೇರೆ ಬೇರೆ ಮೈಕಿನ ಟ್ರ್ಯಾಕ್‌ಗಳು ಸಿಗುತ್ತವೆ. ಆದರೆ ಅವು ಕಚೇರಿಗಳು, ಒಂದು ಮೈಕಿಗೆ ಪಕ್ಕದವರ ಸದ್ದೂ ಬಿದ್ದಿರುತ್ತದೆ.

ಉಳಿದವಕ್ಕೆ ದಾರಿ ಒಂದೇ, ನಾವೇ ರೆಕಾರ್ಡ್ ಮಾಡುವುದು. ಇಲ್ಲಿ ನಮಗಿರುವ ಅನುಕೂಲ ದೊಡ್ಡದು. ಮೈಸೂರಿನ ಬೀದಿ ಬೀದಿಯಲ್ಲಿ ವೀಣೆ ಕಲಿಸುವವರಿದ್ದಾರೆ. ಮಳವಳ್ಳಿ ಕಡೆ ತಂಬೂರಿ, ಗಗ್ಗರ ಹಿಡಿದು ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರಿದ್ದಾರೆ, ಮಾದಪ್ಪನ ಕಂಸಾಳೆಯವರಿದ್ದಾರೆ, ಊರೂರಿಗೆ ತಮಟೆಯವರಿದ್ದಾರೆ.

ಮನೆಯಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡಿದರೆ ನಡೆಯುತ್ತಾ?

ನಡೆಯುತ್ತದೆ, ಆದರೆ ಎಲ್ಲ ವಾದ್ಯಕ್ಕೂ ಒಂದೇ ಫೋನು, ಒಂದೇ ಜಾಗ, ಒಂದೇ ದೂರ ಇರಬೇಕು. ಫೋನಿನ ಮೈಕ್ ಕೆಲವು ಫ್ರೀಕ್ವೆನ್ಸಿಗಳನ್ನು ಎತ್ತಿ, ಕೆಲವನ್ನು ತಗ್ಗಿಸುತ್ತದೆ. ಎಲ್ಲದಕ್ಕೂ ಒಂದೇ ತೆರನಾಗಿ ಮಾಡಿದರೆ ಹೋಲಿಕೆ ಕೆಡುವುದಿಲ್ಲ. ಒಂದನ್ನು ಈ ಫೋನಿನಲ್ಲಿ, ಇನ್ನೊಂದನ್ನು ಆ ಫೋನಿನಲ್ಲಿ ಮಾಡಿದಿರೋ, ನೀವು ಹೋಲಿಸುತ್ತಿರುವುದು ಫೋನುಗಳನ್ನು.

ವೇವ್ ಫೈಲ್ ಉಳಿಸುವ ಆಪ್ ಬಳಸಿ. ಸದ್ದು ತಾನಾಗಿ ಏರಿಸಿ ಇಳಿಸುವ, ಗಲಾಟೆ ತಗ್ಗಿಸುವ ಆಯ್ಕೆಗಳನ್ನೆಲ್ಲ ಆಫ್ ಮಾಡಿ. ಫ್ಯಾನ್, ಫ್ರಿಜ್ ನಿಲ್ಲಿಸಿ. ಕರೆಂಟಿನ ಗುಂಯ್‌ಗುಡುವಿಕೆ 50, 100, 150 ಹರ್ಟ್ಸ್‌ನಲ್ಲಿ ಗೆರೆಯಾಗಿ ಬರುತ್ತದೆ. ಅದನ್ನು ವಾದ್ಯದ ಹಾರ್ಮೋನಿಕ್ ಅಂತ ರಿಪೋರ್ಟಿನಲ್ಲಿ ಬರೆದ ಹುಡುಗರನ್ನು ನೋಡಿದ್ದೇನೆ. ಫೋನು ಒಂದು ಮೀಟರ್ ದೂರದಲ್ಲಿರಲಿ. ಶುರುವಿನಲ್ಲಿ ಕೆಲವು ಸೆಕೆಂಡು ಬರೀ ಮೌನ ರೆಕಾರ್ಡ್ ಮಾಡಿ. ಆ ಮೌನದ ಸ್ಪೆಕ್ಟ್ರಮ್ ತೆಗೆದರೆ ಕೋಣೆಯ ಸದ್ದು ಯಾವುದು ಅಂತ ಗೊತ್ತಾಗುತ್ತದೆ.

ಖಾಲಿ ಹಾಲ್, ಕಲ್ಯಾಣ ಮಂಟಪ ಬೇಡವೇ ಬೇಡ. ಗೋಡೆಗಳಿಂದ ಸದ್ದು ವಾಪಸ್ ಬಂದು ಕೆಲವು ಹಾರ್ಮೋನಿಕ್‌ಗಳನ್ನು ಉಬ್ಬಿಸುತ್ತದೆ, ಕೆಲವನ್ನು ತಿಂದುಹಾಕುತ್ತದೆ. ಮೈಕ್ ಒಂದಡಿ ಸರಿಸಿದರೂ ಚಿತ್ರ ಬದಲಾಗುತ್ತದೆ. ಪ್ರತಿಧ್ವನಿ ಇಲ್ಲದ ಕೋಣೆ ಎಲ್ಲಿಂದ ತರೋಣ ಅಂತ ಕೇಳುತ್ತಾರೆ. ಮಂಡ್ಯದವರಿಗೆ ನನ್ನ ಉತ್ತರ ಒಂದೇ: ಕೊಯ್ಲಾದ ಗದ್ದೆ. ಗಾಳಿ ಏಳುವ ಮುಂಚೆ ಬೆಳಗಿನ ಜಾವ ಹೋಗಿ, ರಸ್ತೆಯಿಂದ ಒಳಗೆ ನಿಂತು ರೆಕಾರ್ಡ್ ಮಾಡಿ. ನಾಲ್ಕೂ ಕಡೆ ಗೋಡೆ ಇಲ್ಲ. ಉಳಿಯುವುದು ನೆಲದಿಂದ ಬರುವ ಪ್ರತಿಫಲನ ಮಾತ್ರ. ವಾದ್ಯಕ್ಕೂ ಮೈಕಿಗೂ ನಡುವೆ ಹುಲ್ಲು ದಪ್ಪಗೆ ಹರಡಿದರೆ ಅದೂ ತಗ್ಗುತ್ತದೆ.

ಕಲಾವಿದರ ಹತ್ತಿರ ಹೋದಾಗ ಏನಂತ ಕೇಳಬೇಕು?

ಏನು ಕೆಲಸಕ್ಕೆ ಅಂತ ಮೊದಲೇ ಬಿಡಿಸಿ ಹೇಳಿ. 'ಅಣ್ಣಾ, ಹಾಡು ಬೇಡ, ಒಂದು ಏಟು ಹಾಕಿ, ಸದ್ದು ಪೂರ್ತಿ ಆರುವ ತನಕ ಬಿಡಿ' ಅಂದರೆ ಮೊದಲು ಆಶ್ಚರ್ಯಪಡುತ್ತಾರೆ, ಆಮೇಲೆ ಚಿತ್ರ ನೋಡಿದಾಗ ನಮಗಿಂತ ಜಾಸ್ತಿ ಆಸಕ್ತಿ ಅವರಿಗೇ ಬರುತ್ತದೆ. ಒಂದೇ ಸ್ವರವನ್ನು ಐದಾರು ಸಲ ನುಡಿಸಲು ಕೇಳಿಕೊಳ್ಳಿ. ಅವರ ಸಮಯಕ್ಕೆ ಸಂಭಾವನೆ ಕೊಡಿ. ರೆಕಾರ್ಡಿಂಗ್ ಹೊರಗೆ ಹಾಕುವುದಾದರೆ ಒಪ್ಪಿಗೆ ಕೇಳಿ, ಹೆಸರು ಹಾಕಬೇಕೋ ಬೇಡವೋ ಅಂತಲೂ ಕೇಳಿ.

## ಹೋಲಿಸುವಾಗ

ಆಡಾಸಿಟಿಯಲ್ಲಿ (ಸದ್ದು ಕತ್ತರಿಸಿ ನೋಡುವ ಬಿಟ್ಟಿ ತಂತ್ರಾಂಶ) ಪ್ಲಾಟ್ ಸ್ಪೆಕ್ಟ್ರಮ್ ಒತ್ತಿದೆ. ಗೆರೆ ಬರದೆ ಗುಡ್ಡ ಗುಡ್ಡ ಬಂತು. ಯಾಕೆ?

ಕಿಟಕಿಯ, ಅಂದರೆ ಒಂದು ಸಲಕ್ಕೆ ಲೆಕ್ಕಕ್ಕೆ ತೆಗೆದುಕೊಳ್ಳುವ ಸದ್ದಿನ ತುಂಡಿನ, ಅಳತೆ ಚಿಕ್ಕದಾಯಿತು. ಅಲ್ಲಿ ಸೈಜ್ ಅಂತ ಒಂದು ಆಯ್ಕೆ ಇದೆ. 44,100 ಸ್ಯಾಂಪಲ್ ರೇಟಿನ, ಅಂದರೆ ಸದ್ದನ್ನು ಸೆಕೆಂಡಿಗೆ ಅಷ್ಟು ಸಲ ಅಳೆದ ಫೈಲಿನಲ್ಲಿ 1024 ಇಟ್ಟರೆ ಒಂದು ಹೆಜ್ಜೆಗೆ 43 ಹರ್ಟ್ಸ್, ಹತ್ತಿರದ ಗೆರೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. 16384 ಇಟ್ಟರೆ ಹೆಜ್ಜೆಗೆ 2.7 ಹರ್ಟ್ಸ್. ಗೆರೆಗಳು ಸೂಜಿಯಂತೆ ನಿಲ್ಲುತ್ತವೆ. ಆದರೆ ನೀವು ಆರಿಸಿದ ತುಂಡು ಅಷ್ಟು ಉದ್ದ ಇರಬೇಕು, ಅಂದರೆ ಕನಿಷ್ಠ 0.37 ಸೆಕೆಂಡು. ಕಿಟಕಿಯ ಬಗೆ ಹಾನ್ ಇರಲಿ. ಎಕ್ಸ್‌ಪೋರ್ಟ್ ಒತ್ತಿದರೆ ಅಂಕಿಗಳು ಫೈಲಾಗಿ ಸಿಗುತ್ತವೆ, ಎಕ್ಸೆಲ್‌ಗೆ ಹಾಕಿಕೊಳ್ಳಬಹುದು.

ಹೊತ್ತು ಹೋದಂತೆ ನಾದ ಹೇಗೆ ಬದಲಾಗುತ್ತದೆ ಅಂತ ನೋಡಲು ಸೋನಿಕ್ ವಿಷುಯಲೈಸರ್ ಇನ್ನೂ ಚೆನ್ನ, ಅದೂ ಬಿಟ್ಟಿ. ವಾಕ್ ಶ್ರವಣ ಓದುತ್ತಿರುವ ಗೆಳೆಯರಿದ್ದರೆ ಮಾತಿನ ಸದ್ದು ಅಳೆಯುವ ಪ್ರಾಟ್ ತಂತ್ರಾಂಶ ಬಳಸುವುದನ್ನು ಅವರಿಂದ ಕಲಿಯಿರಿ. ಫೋನಿನಲ್ಲೇ ಕಣ್ಣಾಡಿಸಲು ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರ ಫೈಫಾಕ್ಸ್ ಆಪ್ ಸಾಕು.

ಒಂದು ಫೈಲ್ ಜೋರು, ಒಂದು ಮೆಲ್ಲಗೆ. ಎರಡನ್ನೂ ಒಂದೇ ಗ್ರಾಫಿನಲ್ಲಿ ಹೇಗೆ ಇಡೋದು?

ಪ್ರತಿ ಫೈಲಿನ ಅತಿ ಎತ್ತರದ ಗೆರೆಯನ್ನು 0 ಡೆಸಿಬಲ್ ಮಾಡಿಕೊಂಡು, ಉಳಿದವು ಅದಕ್ಕಿಂತ ಎಷ್ಟು ಕೆಳಗೆ ಅಂತ ಬರೆಯಿರಿ. 6 ಡೆಸಿಬಲ್ ಕೆಳಗೆ ಅಂದರೆ ಅಲೆಯ ಎತ್ತರ ಅರ್ಧ, 20 ಕೆಳಗೆ ಅಂದರೆ ಹತ್ತನೇ ಒಂದು.

ಆದರೆ ವಾಲ್ಯೂಮ್ ಸರಿಮಾಡಿದ ಮಾತ್ರಕ್ಕೆ ಮುಗಿಯಲಿಲ್ಲ. ಜೋರಾಗಿ ಊದಿದರೆ ಮೇಲಿನ ಹಾರ್ಮೋನಿಕ್‌ಗಳೇ ಜಾಸ್ತಿ ಏಳುತ್ತವೆ. ಮೆಲ್ಲಗೆ ನುಡಿಸಿದ ಒಂದು ವಾದ್ಯವನ್ನು ಜೋರಾಗಿ ನುಡಿಸಿದ ಇನ್ನೊಂದರ ಪಕ್ಕ ಇಟ್ಟರೆ, ವಾದ್ಯದ ವ್ಯತ್ಯಾಸ ಯಾವುದು, ಊದಿದ ಬಲದ ವ್ಯತ್ಯಾಸ ಯಾವುದು ಗೊತ್ತಾಗುವುದಿಲ್ಲ. ಅಯೋವಾ ಸಂಗ್ರಹದಲ್ಲಿ ಮೂರು ಮಟ್ಟ ಕೊಟ್ಟಿರುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅದೇ ಸ್ವರ, ಅದೇ ಮಟ್ಟ ಆರಿಸಿ.

ಮೀಟುವ ವಾದ್ಯವಾದರೆ ಇನ್ನೊಂದು ಎಚ್ಚರ. ಮೀಟಿದ ಮೇಲೆ ಮೇಲಿನ ಗೆರೆಗಳು ಬೇಗ ಆರುತ್ತವೆ. ಆದ್ದರಿಂದ ಎಲ್ಲದರಲ್ಲೂ ಮೀಟಿದ ಎಷ್ಟು ಹೊತ್ತಿನ ಮೇಲಿನ ತುಂಡು ಅನ್ನುವುದು ಒಂದೇ ಇರಲಿ.

ಯಾವ ಎರಡು ವಾದ್ಯ ತೆಗೆದುಕೊಂಡರೆ ವ್ಯತ್ಯಾಸ ಕಣ್ಣಿಗೆ ಹೊಡೆದ ಹಾಗೆ ಕಾಣುತ್ತೆ?

ಕ್ಲಾರಿನೆಟ್ ಮತ್ತು ಸ್ಯಾಕ್ಸೋಫೋನ್. ಎರಡಕ್ಕೂ ಒಂದೇ ಬಗೆಯ ಒಂಟಿ ಪೀಪಿ (ಊದಿದಾಗ ಮಿಡಿಯುವ ತೆಳು ಪಟ್ಟಿ). ಒಂದರ ಕೊಳವೆ ಉದ್ದಕ್ಕೂ ಒಂದೇ ಅಗಲ, ಇನ್ನೊಂದರದ್ದು ಬುಡದತ್ತ ಅಗಲವಾಗುತ್ತಾ ಹೋಗುತ್ತದೆ. ಇಷ್ಟರಿಂದ ನಾದ ಪೂರ್ತಿ ಬದಲಾಗುತ್ತದೆ.

ಎರಡರಲ್ಲೂ ಜಿ3, ಅಂದರೆ 196 ಹರ್ಟ್ಸ್ ತೆಗೆದುಕೊಳ್ಳಿ. ಕ್ಲಾರಿನೆಟ್‌ನಲ್ಲಿ 196, 588, 980ರಲ್ಲಿ ಎತ್ತರದ ಗೆರೆಗಳು. ನಡುವಿನ 392, 784 ತಗ್ಗಿಹೋಗಿರುತ್ತವೆ. ಒಂದು ತುದಿ ಮುಚ್ಚಿದ ನೇರ ಕೊಳವೆ ಬೆಸ ಹಾರ್ಮೋನಿಕ್‌ಗಳನ್ನೇ ಪೋಷಿಸುತ್ತದೆ. ಪಿಯುಸಿಯಲ್ಲಿ ಓದಿದ ಪಾಠ ಗ್ರಾಫಿನಲ್ಲಿ ಎದ್ದು ನಿಲ್ಲುತ್ತದೆ. ಸುಮಾರು 1500 ಹರ್ಟ್ಸ್ ದಾಟಿದ ಮೇಲೆ ಈ ನಿಯಮ ಸಡಿಲವಾಗುತ್ತದೆ, ಗಾಬರಿಯಾಗಬೇಡಿ. ಸ್ಯಾಕ್ಸೋಫೋನ್‌ನಲ್ಲಿ ಸಮ, ಬೆಸ ಎರಡೂ ಸಾಲಾಗಿ ಇರುತ್ತವೆ. ಕದ್ರಿ ಗೋಪಾಲನಾಥರ ಮನಸ್ಸನ್ನು ಸೆಳೆದದ್ದು ಮೈಸೂರು ಅರಮನೆ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೋಫೋನ್. ಆ ತುಂಬಿದ ಸಾಲನ್ನು ನೋಡಿದಾಗ ನನಗೆ ಆ ಮಾತು ನೆನಪಾಗುತ್ತದೆ.

ವಯೊಲಿನ್ನಿನ ದಪ್ಪ ತಂತಿಯಲ್ಲಿ ಮೊದಲ ಗೆರೆನೇ ಚಿಕ್ಕದು, ಎರಡನೆಯದು ದೊಡ್ಡದು. ಫೈಲ್ ಕೆಟ್ಟಿದೆಯಾ?

ಕೆಟ್ಟಿಲ್ಲ, ವಯೊಲಿನ್ ಇರುವುದೇ ಹಾಗೆ. ಅದರ ಡಬ್ಬಿಯೊಳಗಿನ ಗಾಳಿ ಸುಮಾರು 270–280 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ಅದಕ್ಕಿಂತ ಕೆಳಗಿನ ಕಂಪನವನ್ನು ಆ ಪುಟ್ಟ ಡಬ್ಬಿ ಹೊರಗೆ ಚೆನ್ನಾಗಿ ತಳ್ಳಲಾರದು. 196 ಹರ್ಟ್ಸ್‌ನ ಜಿ ತಂತಿಯ ಮೊದಲ ಗೆರೆ ಅದಕ್ಕೇ ಸೊರಗಿರುತ್ತದೆ. ನಮ್ಮ ಶ್ರುತಿಗೆ ಇನ್ನೂ ತಗ್ಗಿಸಿ ಕಟ್ಟಿದರೆ ಇನ್ನೂ ಸೊರಗುತ್ತದೆ. ಆದರೂ ಕಿವಿ ಮೇಲಿನ ಗೆರೆಗಳ ಅಂತರ ಹಿಡಿದು ಸ್ವರವನ್ನು ಸರಿಯಾಗೇ ಗುರುತಿಸುತ್ತದೆ. ಆದ್ದರಿಂದ ಅತಿ ಎತ್ತರದ ಗೆರೆಯೇ ಸ್ವರ ಅಂತ ಬರೆಯಬೇಡಿ. ಗೆರೆಗಳ ನಡುವಿನ ಅಂತರ ಅಳೆಯಿರಿ.

## ಇನ್ನೂ ಮುಂದೆ ಹೋಗುವವರಿಗೆ

ವೀಣೆಯ ಕುದುರೆಯಲ್ಲಿ (ತಂತಿಗಳು ಹಾದುಹೋಗುವ ಆಸರೆ) ಏನೋ ವಿಶೇಷ ಇದೆ ಅಂತಾರಲ್ಲ, ಅದನ್ನ ನಾವೂ ನೋಡಬಹುದಾ?

ನೋಡಲೇಬೇಕು. ನನ್ನ ಮಟ್ಟಿಗೆ ಇಡೀ ಪುಟದಲ್ಲಿ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಇಲ್ಲ. ತಂತಿಯನ್ನು ಸರಿಯಾಗಿ ನಡುವೆ ಮೀಟಿದರೆ ಸಮ ಹಾರ್ಮೋನಿಕ್‌ಗಳು ಬರಬಾರದು, ಯಾಕೆಂದರೆ ಅವಕ್ಕೆ ನಡುಭಾಗ ಅಲುಗದ ಜಾಗ. ಸಿ.ವಿ. ರಾಮನ್ 1921ರಲ್ಲಿ ಪ್ರಕಟಿಸಿದ ಲೇಖನದಲ್ಲಿ ವೀಣೆ, ತಂಬೂರಿಗಳು ಈ ನಿಯಮ ಮುರಿಯುತ್ತವೆ ಅಂತ ತೋರಿಸಿದರು. ಮೀಟಿದ ಜಾಗದಲ್ಲಿ ಸತ್ತಿರಬೇಕಾದ ಹಾರ್ಮೋನಿಕ್‌ಗಳು ಜೋರಾಗೇ ಕೇಳುತ್ತವೆ. ಕಾರಣ ಅಗಲವಾದ, ಮೆಲ್ಲಗೆ ಬಾಗಿದ ಕುದುರೆ. ತಂತಿ ಅಲುಗಿದಾಗಲೆಲ್ಲ ಅದರ ಮೇಲೆ ತಬ್ಬಿ ಬಿಡುತ್ತಿರುತ್ತದೆ.

ಮಾಡುವುದು ಹೀಗೆ. ವೀಣೆಯ ಸಾರಣಿ ತಂತಿಯನ್ನು ಒತ್ತದೆ, ಹನ್ನೆರಡನೇ ಮೆಟ್ಟಿಲ ನೇರಕ್ಕೆ ಮೀಟಿ. ತಂತಿಯ ನಡುಭಾಗ ಅದೇ. ಗಿಟಾರಿನಲ್ಲೂ ಹನ್ನೆರಡನೇ ಫ್ರೆಟ್ ಮೇಲೆ ಹಾಗೇ ಮೀಟಿ. ಎರಡನ್ನೂ ಒಂದೇ ಶ್ರುತಿಗೆ ಕಟ್ಟಿಕೊಂಡಿರಿ. ಗಿಟಾರಿನಲ್ಲಿ ಎರಡು, ನಾಲ್ಕು, ಆರನೇ ಗೆರೆಗಳು ಬಡವಾಗಿರುತ್ತವೆ. ವೀಣೆಯಲ್ಲಿ ಅವು ಎಷ್ಟು ಎತ್ತರ ಅಂತ ಅಳೆದು ಪಕ್ಕದಲ್ಲಿ ಬರೆಯಿರಿ. ತಂಬೂರಿ ಇದ್ದರೆ ಕುದುರೆಯ ಮೇಲೆ ತಂತಿಯಡಿ ಸಿಕ್ಕಿಸುವ ಜೀವಾಳದ ದಾರ ಇಟ್ಟು ಒಮ್ಮೆ, ತೆಗೆದು ಒಮ್ಮೆ ಮೀಟಿ. ವಾದ್ಯ, ತಂತಿ, ಕೋಣೆ ಯಾವುದೂ ಬದಲಾಗದೆ ದಾರ ಒಂದೇ ಬದಲಾಗುವುದರಿಂದ ಇಷ್ಟು ಶುದ್ಧವಾದ ಹೋಲಿಕೆ ಬೇರೆಲ್ಲೂ ಸಿಗದು.

ಮೃದಂಗಕ್ಕೂ ತಮಟೆಗೂ ಸ್ಪೆಕ್ಟ್ರಮ್‌ನಲ್ಲಿ ಏನು ವ್ಯತ್ಯಾಸ?

ಎಲ್ಲ ಕಡೆ ಒಂದೇ ದಪ್ಪ ಇರುವ ಬಿಗಿದ ಚರ್ಮದ ಕಂಪನಗಳು 1, 1.59, 2.14, 2.30 ಹೀಗೆ ಅಡ್ಡಾದಿಡ್ಡಿ ಅನುಪಾತದಲ್ಲಿ ಬರುತ್ತವೆ. ಹಾಗಾಗಿ ತಮಟೆಯಲ್ಲಿ ಇದೇ ಸ್ವರ ಅಂತ ಬೆರಳಿಟ್ಟು ತೋರಿಸುವುದು ಕಷ್ಟ. ಮೃದಂಗದ ಬಲಗಡೆಗೆ ನಡುವೆ ಕರಣೆ (ಕಪ್ಪು ಲೇಪ) ಹಚ್ಚಿ ತೂಕ ಕೊಟ್ಟಿರುತ್ತಾರೆ. ಆ ತೂಕದಿಂದ ಕಂಪನಗಳು 1, 2, 3, 4, 5ರ ಹತ್ತಿರಕ್ಕೆ ಬಂದು ಕೂರುತ್ತವೆ. ಇದನ್ನು 1920ರಲ್ಲಿ ಬರೆದವರೂ ರಾಮನ್, ಜೊತೆಗೆ ಶಿವಕಾಳಿ ಕುಮಾರ್. ಮೃದಂಗದ ಏಟುಗಳು ಆಗ ಹೇಳಿದ ಸಂಗ್ರಹದಲ್ಲಿವೆ, ತಮಟೆಯನ್ನು ನೀವೇ ರೆಕಾರ್ಡ್ ಮಾಡಬೇಕು. ಬೆಂಕಿಗೆ ಕಾಯಿಸುವ ಮುಂಚೆ, ಕಾಯಿಸಿದ ಮೇಲೆ ಎರಡೂ ತೆಗೆದುಕೊಳ್ಳಿ. ಕಂಸಾಳೆಯ ಬಟ್ಟಲು, ತಾಳಗಳ ಕಂಚಿನಲ್ಲೂ ಗೆರೆಗಳು ಪಟ್ಟಿನ ಲೆಕ್ಕಕ್ಕೆ ಸಿಗುವುದಿಲ್ಲ. ಅಲ್ಲಿ 'ಎಷ್ಟನೇ ಹಾರ್ಮೋನಿಕ್' ಅಂತ ಎಣಿಸದೆ ಬರೀ ಹರ್ಟ್ಸ್ ಬರೆಯಿರಿ.

ಸ್ಪೆಕ್ಟ್ರಮ್ ನೋಡಿ ಅದೇ ಅಳತೆಗೆ ಕಂಪ್ಯೂಟರಿನಲ್ಲಿ ಸದ್ದು ಕಟ್ಟಿದೆ. ವೀಣೆ ಥರ ಕೇಳಲೇ ಇಲ್ಲ. ಎಲ್ಲಿ ತಪ್ಪಿತು?

ಲೆಕ್ಕ ತಪ್ಪಿಲ್ಲ. ವಾದ್ಯದ ಗುರುತು ಸ್ವರ ಏಳುವ ಮೊದಲ ಕ್ಷಣದಲ್ಲೂ, ಅದು ಆರುವ ಬಗೆಯಲ್ಲೂ ಇದೆ. ನಿಂತ ಭಾಗದ ಸರಾಸರಿಯಲ್ಲಿ ಅವೆರಡೂ ಇಲ್ಲ. ಯಾವುದೇ ಫೈಲಿನಲ್ಲಿ ಮೀಟಿದ ಆ ಮೊದಲ ತುಣುಕನ್ನು ಕತ್ತರಿಸಿ ಗೆಳೆಯರಿಗೆ ಕೇಳಿಸಿ, ಎಷ್ಟೋ ಜನ ವಾದ್ಯ ಗುರುತಿಸಲು ತಡಕಾಡುತ್ತಾರೆ. ಒಂದು ಗ್ರಾಫಿನ ಬದಲು ಹೊತ್ತಿನ ಜೊತೆ ಪ್ರತಿ ಗೆರೆ ಹೇಗೆ ಏರಿ ಇಳಿಯುತ್ತದೆ ಅಂತ ತೆಗೆದು, ಹಾಗೇ ಕಟ್ಟಿ ನೋಡಿ.

ಮೆಷಿನ್ ಲರ್ನಿಂಗ್ ಪ್ರಾಜೆಕ್ಟಿಗೆ ಸಾವಿರಾರು ಸ್ವರ ಒಟ್ಟಿಗೆ ಬೇಕು.

ಗೂಗಲ್‌ನ ಮಜೆಂಟಾ ತಂಡ 2017ರಲ್ಲಿ ಬಿಟ್ಟ ಎನ್‌ಸಿಂತ್‌ನಲ್ಲಿ 3,05,979 ಸ್ವರಗಳಿವೆ, ಪ್ರತಿಯೊಂದೂ 4 ಸೆಕೆಂಡು. ಆದರೆ ಸ್ಯಾಂಪಲ್ ರೇಟ್ 16,000, ಹಾಗಾಗಿ 8,000 ಹರ್ಟ್ಸ್ ಮೇಲೆ ಏನೂ ಇಲ್ಲ. ಸಿಂಥಸೈಜರ್ ಸದ್ದುಗಳೂ ಸೇರಿವೆ. 'ಅಕೌಸ್ಟಿಕ್' ಅಂತ ಗುರುತು ಹಾಕಿದ್ದನ್ನು ಮಾತ್ರ ಬೇರೆ ಮಾಡಿಕೊಳ್ಳಿ. ಪ್ಯಾರಿಸ್ಸಿನ ಸಂಗೀತ ಸಂಶೋಧನಾ ಸಂಸ್ಥೆ ಇರ್‌ಕಾಮ್‌ನ ರೆಕಾರ್ಡಿಂಗ್‌ಗಳಿಂದ ಆರಿಸಿದ ಟೈನಿಸಾಲ್ ಚಿಕ್ಕದು, 14 ವಾದ್ಯ, 2913 ಸ್ವರ. ನನ್ನ ಆಯ್ಕೆ ಕೇಳಿದರೆ ಇದೇ. ಎರಡರಲ್ಲೂ ನಮ್ಮ ವೀಣೆ, ನಾಗಸ್ವರ ಇಲ್ಲ.

ನಾವು ಮಾಡಿದ ರೆಕಾರ್ಡಿಂಗ್ ಬೇರೆಯವರಿಗೂ ಸಿಗಬೇಕು ಅಂದರೆ ಹೇಗೆ ಇಡಬೇಕು?

ಕಲಾವಿದರು ಒಪ್ಪಿದ್ದರೆ ಫ್ರೀಸೌಂಡ್‌ಗೆ ಹಾಕಿ. ಅಲ್ಲಿ ಪರವಾನಗಿ ಆರಿಸಲು ಕೇಳುತ್ತದೆ. ಯಾವ ನಿರ್ಬಂಧವೂ ಇಲ್ಲದ್ದು, ಹೆಸರು ಹೇಳಿ ಬಳಸಬೇಕಾದದ್ದು, ವ್ಯಾಪಾರಕ್ಕೆ ಬಳಸಬಾರದ್ದು ಅಂತ ಇವೆ. ಎರಡನೆಯದನ್ನು ನಾನು ಹೇಳುತ್ತೇನೆ, ನುಡಿಸಿದವರ ಹೆಸರು ಉಳಿಯುತ್ತದೆ. ಫೈಲನ್ನು ವೇವ್‌ನಲ್ಲೇ ಇಡಿ, ವಾಲ್ಯೂಮ್ ಏರಿಸಬೇಡಿ, ಎಕೋ ಹಾಕಬೇಡಿ, ಮೊದಲಿನ ಮೌನ ಕತ್ತರಿಸಬೇಡಿ. ಹೆಸರಿನಲ್ಲೇ ವಾದ್ಯ, ತಂತಿ ಅಥವಾ ಏಟು, ಅಳೆದ ಹರ್ಟ್ಸ್, ಮೆಲ್ಲಗೋ ಜೋರೋ ಅನ್ನುವುದು ಬರಲಿ. ವಿವರಣೆಯಲ್ಲಿ ಊರು, ಜಾಗ, ಫೋನು ಅಥವಾ ಮೈಕಿನ ಮಾದರಿ, ದೂರ ಬರೆಯಿರಿ. ವೀಣೆಯಾದರೆ ಉಗುರಿನಲ್ಲಿ ಮೀಟಿದ್ದೋ ಬೆರಳಲ್ಲೋ, ತಂತಿಯ ಯಾವ ಜಾಗದಲ್ಲಿ ಅನ್ನುವುದೂ ಇರಲಿ. ವಿವರಣೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇದ್ದರೆ ಹೊರಗಿನವರೂ ಹುಡುಕಿ ತೆಗೆಯುತ್ತಾರೆ.